ಪತ್ತೇದಾರಿ ತಂದ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುತ್ತಾ? ಹಣ ಕೊಡೋ ಮುನ್ನ ತಿಳಿಯಬೇಕಾದ್ದು

ಸಿಂಧನೂರು/ಲಿಂಗಸುಗೂರು/ಮಸ್ಕಿ: ಉದ್ರಿಗೆ ಭತ್ತ ಒಯ್ದ ವ್ಯಾಪಾರಿ ಫೋನ್ ಎತ್ತುತ್ತಿಲ್ಲ. ಜೀವನಾಂಶದ ಕೇಸಿನಲ್ಲಿ ಗಂಡ ತನಗೆ ಆದಾಯವೇ ಇಲ್ಲ ಅಂತಾನೆ. ಅಂಗಡಿಯ ಪಾಲುದಾರ ಬೇರೆಯವರ ಹೆಸರಲ್ಲಿ ಇನ್ನೊಂದು ಅಂಗಡಿ ಇಟ್ಟಿದ್ದಾನೆ ಎಂಬ ಅನುಮಾನ. ಇಂಥ ವಿಷಯಕ್ಕೆ ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎನ್ನುವ ಉತ್ತರ. ವಕೀಲರ ಬಳಿ ಹೋದರೆ ‘ಸಾಕ್ಷಿ ತನ್ನಿ’ ಎನ್ನುವ ಮಾತು. ಈ ಎರಡರ ನಡುವೆ ಸಿಕ್ಕಿಕೊಂಡವರಿಗೆ ಖಾಸಗಿ ಪತ್ತೇದಾರಿ ಏಜೆನ್ಸಿಗಳ ಜಾಹೀರಾತು ದೊಡ್ಡ ಆಸರೆಯಂತೆ ಕಾಣುತ್ತದೆ.

ಆದರೆ ಅವರು ತಂದುಕೊಡೋದು ಕೋರ್ಟಿನಲ್ಲಿ ನಿಲ್ಲುತ್ತಾ? ಅದನ್ನು ತರಿಸಿದವರೇ ಕೇಸಿಗೆ ಸಿಲುಕುತ್ತಾರಾ? ಈ ಎರಡೂ ಬೇರೆ ಬೇರೆ ಪ್ರಶ್ನೆ. ಜನ ಎಡವೋದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಪತ್ತೇದಾರಿಗೆ ಏನು ಅಧಿಕಾರವಿದೆ?

ನೇರವಾಗಿ ಹೇಳಬೇಕೆಂದರೆ, ಸಾಮಾನ್ಯ ನಾಗರಿಕನಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ಕಾವಲುಗಾರರನ್ನು ಒದಗಿಸುವ ಸಂಸ್ಥೆಗಳಿಗೆ 2005ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಪತ್ತೇದಾರಿ ಏಜೆನ್ಸಿಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತಾದರೂ ಅದು ಕಾನೂನಾಗಲೇ ಇಲ್ಲ. ಹಾಗಾಗಿ ‘ಸರ್ಕಾರಿ ಮಾನ್ಯತೆ ಪಡೆದ ಡಿಟೆಕ್ಟಿವ್’ ಎಂಬ ಬೋರ್ಡ್ ಕಂಡರೆ ಯಾವ ಮಾನ್ಯತೆ ಅಂತ ಕೇಳೋದು ಒಳ್ಳೇದು. ಪೊಲೀಸ್ ಅಥವಾ ಬೇರೆ ಸರ್ಕಾರಿ ನೌಕರ ಅಂತ ಸುಳ್ಳು ಹೇಳಿ ಆ ಅಧಿಕಾರ ಚಲಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 204ರಡಿ ಅಪರಾಧ.

ಅವರು ಮಾಡಬಹುದಾದ್ದೂ ಸಾಕಷ್ಟಿದೆ. ಸಾರ್ವಜನಿಕ ಜಾಗದಲ್ಲಿ ಕಂಡದ್ದನ್ನು ಬರೆದುಕೊಳ್ಳಬಹುದು, ಫೋಟೊ ತೆಗೆಯಬಹುದು. ಒಪ್ಪಿ ಮಾತಾಡುವ ನೆರೆಹೊರೆಯವರನ್ನು ವಿಚಾರಿಸಬಹುದು. ಪಹಣಿ, ಋಣಭಾರ ಪತ್ರದಂಥ ದಾಖಲೆ ತೆಗೆಸಬಹುದು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಆದಾಯವೇ ಇಲ್ಲ ಎನ್ನುವವನ ಹೆಸರಲ್ಲಿ ಜಮೀನಿದೆಯಾ ಅನ್ನೋದು ಪಹಣಿಯಲ್ಲೇ ಸಿಗುತ್ತದೆ. ಅದಕ್ಕೆ ಯಾರ ಬೆನ್ನೂ ಹತ್ತಬೇಕಿಲ್ಲ.

ಗೆರೆ ದಾಟೋದು ಎಲ್ಲಿ?

ಹೆಚ್ಚು ಜನ ಎಡವೋದು ಕಾಲ್ ಡೀಟೇಲ್ಸ್ ವಿಷಯದಲ್ಲಿ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಖಾಸಗಿ ಪತ್ತೇದಾರಿ ಏಜೆನ್ಸಿಗಳಿಗೆ ಸಂಬಂಧಿಸಿದವರನ್ನು ಬಂಧಿಸಿದ್ದರು. ಜನರ ಕರೆ ವಿವರ, ಅಂದರೆ ಸಿಡಿಆರ್, ಅಕ್ರಮವಾಗಿ ಪಡೆದು ಮಾರಿದ ಆರೋಪ ಅವರ ಮೇಲಿತ್ತು. ಟೆಲಿಕಾಂ ಕಂಪನಿಯ ಬಳಿ ಇರುವ ಇಂಥ ಮಾಹಿತಿಯನ್ನು ಅನಧಿಕೃತವಾಗಿ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯ ಸೆಕ್ಷನ್ 42ರಡಿ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಂಡತಿಯ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ರ ವ್ಯಾಪ್ತಿಗೆ ಬರುತ್ತದೆ. ಮಹಿಳೆಯ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡೋದನ್ನು ನ್ಯಾಯ ಸಂಹಿತೆಯ ಸೆಕ್ಷನ್ 78 ‘ಹಿಂಬಾಲಿಸುವಿಕೆ’ ಎಂದೇ ಕರೆಯುತ್ತದೆ. ಮಲಗುವ ಕೋಣೆಯಲ್ಲಿ ಗುಪ್ತ ಕ್ಯಾಮೆರಾ ಇಟ್ಟರೆ ಸೆಕ್ಷನ್ 77. ಗಂಡನೇ ಹೇಳಿದ್ದು, ಹಣ ಕೊಟ್ಟಿದ್ದು ಎಂಬ ಕಾರಣಕ್ಕೆ ಇದಾವುದೂ ಸಕ್ರಮ ಆಗಲ್ಲ. ಹಿಂಬಾಲಿಸಿದ್ದು ತಪ್ಪು ವ್ಯಕ್ತಿಯನ್ನಾದರೆ, ಸಣ್ಣ ಊರಲ್ಲಿ ಆ ಹೆಣ್ಣುಮಗಳ ಹೆಸರಿಗೆ ಹತ್ತಿದ ಮಸಿ ತೊಳೆಯೋರು ಯಾರು?

ಹಾಗಂತ ಅಕ್ರಮವಾಗಿ ಬಂದ ಸಾಕ್ಷಿಯನ್ನೆಲ್ಲ ಕೋರ್ಟ್ ಕಸದ ಬುಟ್ಟಿಗೆ ಹಾಕುತ್ತದೆ ಎಂದೇನಿಲ್ಲ. ಪ್ರಕರಣಕ್ಕೆ ಸಂಬಂಧಿಸಿದ್ದಾದರೆ ಅಂಥ ಸಾಕ್ಷಿಯನ್ನೂ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಹೇಳಿದೆ. ಅಂದರೆ ಸಾಕ್ಷಿ ಕೋರ್ಟಿನಲ್ಲಿ ಉಳಿಯಬಹುದು, ತಂದವರು ಮಾತ್ರ ಬೇರೊಂದು ಕೇಸಿನಲ್ಲಿ ಆರೋಪಿಯಾಗಬಹುದು.

2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಗಂಡ-ಹೆಂಡತಿಯ ನಡುವಿನ ಗುಪ್ತ ಫೋನ್ ರೆಕಾರ್ಡಿಂಗನ್ನು ಅವರಿಬ್ಬರ ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷಿಯಾಗಿ ಬಳಸಬಹುದು ಎಂದಿತು. ಈ ತೀರ್ಪನ್ನೇ ತೋರಿಸಿ ‘ಈಗ ಎಲ್ಲಾ ರೆಕಾರ್ಡ್ ಮಾಡಬಹುದು’ ಎಂದು ಯಾರಾದರೂ ಹೇಳಿದರೆ ನಂಬಬಾರದು. ಅಲ್ಲಿ ಗಂಡ ಹಾಜರುಪಡಿಸಿದ್ದು ಹೆಂಡತಿ ತನ್ನೊಂದಿಗೇ ಆಡಿದ ಮಾತನ್ನು. ಮೂರನೆಯವನು ಇಬ್ಬರ ಮಾತನ್ನು ಕದ್ದು ಕೇಳೋದು ಬೇರೆಯೇ ವಿಷಯ.

ಪೆನ್‌ಡ್ರೈವ್ ಒಂದೇ ಸಾಲದು

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ, ವಿಡಿಯೊ, ಆಡಿಯೊ, ವಾಟ್ಸ್‌ಆ್ಯಪ್ ಸಂದೇಶದ ಪ್ರತಿ ಕೊಡುವಾಗ ಪ್ರಮಾಣಪತ್ರ ಬೇಕು. ಅದರ ಎ ಭಾಗವನ್ನು ಹಾಜರುಪಡಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಫೈಲಿನ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ. ಮೂಲ ಸಾಧನವನ್ನೇ ತಂದು ಅದರ ಮಾಲೀಕ ಸಾಕ್ಷಿ ನುಡಿದರೆ ಪ್ರಮಾಣಪತ್ರ ಬೇಕಿಲ್ಲ ಎಂದು ಹಿಂದಿನ ಕಾಯ್ದೆಯಡಿ 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಹೇಳಿದೆ. ಆದ್ದರಿಂದ ರೆಕಾರ್ಡ್ ಆದ ಮೊಬೈಲನ್ನು ಮಾರೋದು, ಫಾರ್ಮ್ಯಾಟ್ ಮಾಡೋದು ಕೇಸನ್ನೇ ಕಳೆದುಕೊಂಡಂತೆ.

ಅಂಗಡಿಕಾರರು ಇಲ್ಲಿ ಗಮನಿಸಬೇಕು. ಯಾರೋ ಬಂದು ‘ನಿಮ್ಮ ಸಿಸಿ ಕ್ಯಾಮೆರಾ ಫುಟೇಜ್ ಕೊಡಿ’ ಎಂದರೆ ಖಾಸಗಿ ಪತ್ತೇದಾರಿಗೆ ಕೊಡಲೇಬೇಕೆಂಬ ನಿಯಮವಿಲ್ಲ. ಕೋರ್ಟ್ ಸಮನ್ಸ್ ಅಥವಾ ಪೊಲೀಸರ ಲಿಖಿತ ನೋಟಿಸ್ ಬಂದರೆ ಮಾತ್ರ ಕೊಡಬೇಕು. ಆದರೆ ಡಿವಿಆರ್ ತುಂಬಿದ ಮೇಲೆ ಹಳೇ ದೃಶ್ಯ ತಾನೇ ಅಳಿಸಿಹೋಗುತ್ತದೆ. ಕಳ್ಳತನ, ಜಗಳ ಆದ ದಿನವೇ ಆ ಭಾಗವನ್ನು ಬೇರೆ ತೆಗೆದಿಡಬೇಕು. ಕ್ಯಾಮೆರಾದ ಗಡಿಯಾರ ಸರಿಯಿದೆಯಾ ಅಂತಲೂ ನೋಡಿಕೊಳ್ಳಬೇಕು. 10 ನಿಮಿಷದ ವ್ಯತ್ಯಾಸವನ್ನೇ ಹಿಡಿದು ಎದುರು ವಕೀಲರು ಇಡೀ ವಿಡಿಯೊವನ್ನು ಪ್ರಶ್ನಿಸಬಹುದು.

ಸರಿಯಾದ ದಾರಿ ಯಾವುದು?

ಕಾಲ್ ಡೀಟೇಲ್ಸ್ ನಿಜಕ್ಕೂ ಬೇಕಿದ್ದರೆ ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿ, ಟೆಲಿಕಾಂ ಕಂಪನಿಯಿಂದ ತರಿಸಲು ಕೇಳಬೇಕು. ಕಂಪನಿಗಳು ಈ ದಾಖಲೆಯನ್ನು ಕನಿಷ್ಠ 2 ವರ್ಷ ಇಡಬೇಕು. ಅಷ್ಟರೊಳಗೆ ಅರ್ಜಿ ಬೀಳಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್‌ಗೂ ಕೋರ್ಟಿನದೇ ದಾರಿ. ಉದ್ರಿಗೆ ಬದಲಾಗಿ ಪಡೆದ ಚೆಕ್ ಬೌನ್ಸ್ ಆದರೆ ಪತ್ತೇದಾರಿಗಿಂತ ತಾರೀಖು ಮುಖ್ಯ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು.

ಅಷ್ಟಾಗಿಯೂ ಪತ್ತೇದಾರಿ ಬೇಕು ಎನಿಸಿದರೆ, ಮೊದಲು ವಕೀಲರ ಜತೆ ಮಾತಾಡಿ ಯಾವ ಸಂಗತಿ ಸಾಬೀತಾಗಬೇಕು ಅಂತ ಬರೆದುಕೊಳ್ಳಬೇಕು. ಕೆಲಸದ ಕರಾರು ಲಿಖಿತವಾಗಿರಲಿ, ಹಣಕ್ಕೆ ರಸೀದಿ ಇರಲಿ. ಫೋಟೊ ತೆಗೆದವನೇ ಕಟಕಟೆಗೆ ಬಂದು ಪಾಟಿಸವಾಲು ಎದುರಿಸುತ್ತಾನಾ ಅಂತ ಕೇಳಬೇಕು. ಬರಲ್ಲ ಎಂದರೆ ಅವನ ವರದಿ ಎಷ್ಟೇ ದಪ್ಪಗಿದ್ದರೂ ಅದು ಕೇಳಿದ ಮಾತಷ್ಟೇ. ‘ಸಿಡಿಆರ್ ತೆಗೆಸಿಕೊಡ್ತೀವಿ, ಲೊಕೇಶನ್ ಕೊಡ್ತೀವಿ’ ಎಂದು ಫೋನಿನಲ್ಲೇ ಭರವಸೆ ಕೊಡುವವರಿಂದ ದೂರ ಇರೋದೇ ವಾಸಿ. ಅವರು ಸಿಕ್ಕಿಬಿದ್ದ ದಿನ ಪೊಲೀಸರು ಮೊದಲು ನೋಡೋದು ಅವರ ಗಿರಾಕಿಗಳ ಪಟ್ಟಿಯನ್ನೇ.