ಟೊಂಕದ ಮರಳು, ನಮ್ಮ ಮಣ್ಣು

ಕೆರೆ ತುಂಬಿತೇ, ಕೊಳವೆಬಾವಿಯಲ್ಲಿ ನೀರು ಉಳಿದಿದೆಯೇ ಎಂಬ ಚಿಂತೆಯಲ್ಲೇ ದಿನ ಕಳೆಯುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕುಟುಂಬಗಳಿಗೆ ಸಮುದ್ರ ಬಲು ದೂರದ ಮಾತು. ಆದರೂ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿ, ಶರಾವತಿ ನದಿ ಅರಬ್ಬೀ ಸಮುದ್ರವನ್ನು ಕೂಡುವಲ್ಲಿರುವ ಕಾಸರಕೋಡು ಟೊಂಕದ ಮೀನುಗಾರರ ಸಂಕಟ ನಮಗೂ ಪರಕೀಯವಲ್ಲ.

ಟೊಂಕದ ಬದುಕು ದೋಣಿಯಲ್ಲಿ ಎಷ್ಟಿದೆಯೋ ದಡದ ಮರಳಿನಲ್ಲೂ ಅಷ್ಟೇ ಇದೆ. ಗಂಡಸರು ತಂದ ಮೀನಿಗೆ ಉಪ್ಪು ಸವರಿ, ಮರಳ ಮೇಲೆ ಹರವಿ ಒಣಗಿಸುವವರು ಹೆಂಗಸರು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಒಣಮೀನೇ ಅನೇಕ ಮನೆಗಳಿಗೆ ಆಸರೆ. ಅಳಿವಿನಂಚಿನ ಆತಂಕದಲ್ಲಿರುವ ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಇದೇ ದಡಕ್ಕೆ. 2020ರಲ್ಲಿ ‘ನೀಲಿ ಬಾವುಟ’ದ ಅಂತರರಾಷ್ಟ್ರೀಯ ಮನ್ನಣೆ ಪಡೆದ ಕಡಲತೀರವೂ ಕಾಸರಕೋಡಿನದೇ.

2010ರಲ್ಲಿ ಇಲ್ಲಿ ಖಾಸಗಿ ವಾಣಿಜ್ಯ ಬಂದರಿಗೆ ಸರ್ಕಾರ ಜಮೀನನ್ನು ಗುತ್ತಿಗೆ ನೀಡಿತು. 2022ರ ಜನವರಿಯಲ್ಲಿ ಬಂದರು ರಸ್ತೆಯ ಕಾಮಗಾರಿಯನ್ನು ವಿರೋಧಿಸಿದವರ ಬಂಧನವಾಯಿತು. 2024 ಮತ್ತು 2025ರಲ್ಲಿ ನಿಷೇಧಾಜ್ಞೆಯ ಕಾವಲಿನಲ್ಲಿ ಸರ್ವೇಕ್ಷಣೆಗೆ ಮುಂದಾದಾಗ ಹೆಂಗಸರು ಮಕ್ಕಳು ಸಹ ಪ್ರತಿಭಟನೆಗಿಳಿದರು.

ಬಂದರಿನ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಜಿಲ್ಲೆಗೆ ಉದ್ಯೋಗ ಬೇಕು. ಹೂಳು ತುಂಬಿದ ಶರಾವತಿಯ ಅಳಿವೆ ದೋಣಿಗಳಿಗೇ ಅಪಾಯಕಾರಿಯಾಗಿದೆ. ಆದರೆ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಲೆಕ್ಕ ಮೊದಲು ಆಗಬೇಕು. ಬಂದರಿನಲ್ಲಿ ಒಬ್ಬ ಯುವಕನಿಗೆ ಕೆಲಸ ದೊರೆತೀತು. ಮೀನು ಒಣಗಿಸುವ ಅವನ ತಾಯಿಗೆ ಆ ಮರಳನ್ನು ಯಾವ ಪರಿಹಾರಧನವೂ ಮರಳಿಸಲಾರದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಮೀನುಗಾರರ ಗ್ರಾಮ, ಮೀನು ಒಣಗಿಸುವ ಕಣ ಹಾಗೂ ಸಾಮೂಹಿಕ ಸ್ವತ್ತುಗಳನ್ನು ಸ್ಥಳೀಯ ನಕ್ಷೆಗಳಲ್ಲಿ ಗುರುತಿಸಬೇಕೆಂದು ವಿಧಿಸಿತ್ತು. ಕಡಲಾಮೆಗಳ ಗೂಡುನೆಲೆಗೆ ಅತ್ಯುನ್ನತ ರಕ್ಷಣೆಯನ್ನೂ ನೀಡಿತ್ತು. ಸಮುದ್ರತೀರದಲ್ಲಿ ಬದುಕು ತಲೆಮಾರುಗಳಿಂದ ನಡೆದಿದ್ದರೂ ಕಾಗದ ಇರುವುದು ಅಪರೂಪ. ಆದ್ದರಿಂದ ನಕ್ಷೆಯಲ್ಲಿ ಕಾಣದ ಕಣ ಕಡತದಲ್ಲಿ ‘ಖಾಲಿ ಜಾಗ’ವಾಗಿಬಿಡುತ್ತದೆ.

ಇದರ ಅರ್ಥ ನಮಗೆ ಚೆನ್ನಾಗಿ ತಿಳಿದಿರಬೇಕು. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ನಮ್ಮ ಸಮುದಾಯದವರೂ ಇದ್ದರು. ತಲೆಮಾರುಗಳಿಂದ ವಾಸಿಸಿದ ಮನೆಯೂ ತಮ್ಮದಲ್ಲವೆಂಬ ಕಹಿ ಸತ್ಯ ಆಗ ಅವರಿಗೆ ಎದುರಾಯಿತು. ದುಡಿಮೆಯ ನೆಲಕ್ಕೂ ದಾಖಲೆಯ ನೆಲಕ್ಕೂ ಇರುವ ಅಂತರ ಬಡವನ ತಲೆಯ ಮೇಲೆಯೇ ಕುಸಿಯುತ್ತದೆ.

ಟೊಂಕದಲ್ಲಿ ಮುಂದಿನ ಯಾವುದೇ ಹೆಜ್ಜೆಗೆ ಮೊದಲು ಪ್ರತಿ ಮನೆ, ಪ್ರತಿ ಕಣವನ್ನು ತೋರುವ ನಕ್ಷೆ ಕನ್ನಡದಲ್ಲಿ ಪ್ರಕಟವಾಗಲಿ. ಅದನ್ನು ಊರಿನವರ ಮುಂದೆ ಓದಿ ಹೇಳಲಿ. ಪೊಲೀಸರ ಕಾವಲಿನಲ್ಲಿ ನಡೆದ ಅಳತೆಗೆ ಊರಿನ ವಿಶ್ವಾಸ ದೊರೆಯದು.