ವಿಲೆ ಪಾರ್ಲೆಯಿಂದ ಕೈಲಾಸಕ್ಕೆ, ವಯಾ ಎಕ್ಸೆಲ್ ಶೀಟ್

ನಮ್ಮ ಕಟ್ಟಡದ ಟೆರೇಸ್ ಮೇಲೆ ನಿಂತರೆ ವಿಮಾನದ ಹೊಟ್ಟೆಯಲ್ಲಿ ಬರೆದ ಅಕ್ಷರ ಓದಬಹುದು. ಟಿ-1 ಟರ್ಮಿನಲ್‌ಗೆ ರಿಕ್ಷಾದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ನಲವತ್ತು. ಇಷ್ಟು ಹತ್ತಿರದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ ನಮ್ಮಮ್ಮ ವಿಮಾನ ಹತ್ತಿದ್ದು ಎರಡೇ ಸಲ. ಅವಳಿಗೆ ಹೋಗಬೇಕಾಗಿರುವುದು ಒಂದೇ ಜಾಗಕ್ಕೆ, ಕೈಲಾಸ ಮಾನಸ ಸರೋವರಕ್ಕೆ. ಕಳೆದ ಮೂರು ತಿಂಗಳಿನಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಫೈಲುಗಳ ನಡುವೆ ‘ಅಮ್ಮ_ಕೈಲಾಸ_ಫೈನಲ್_7’ ಎಂಬ ಎಕ್ಸೆಲ್ ಶೀಟ್ ಒಂದು ಕೂತಿದೆ. ಫೈನಲ್ ಎಂದು ಹೆಸರಿಟ್ಟ ಯಾವ ಫೈಲೂ ಫೈನಲ್ ಆಗುವುದಿಲ್ಲ ಎಂಬುದು ನಮ್ಮ ಐಟಿಯವರಿಗೆ ಗೊತ್ತಿರುವ ವಿಷಯವೇ.

ಕತೆ ಶುರುವಾದದ್ದು 2019ರಲ್ಲಿ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಇಲ್ಲಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯುವುದರಿಂದ ಹಿಡಿದು ಗಲ್ಲಾದಲ್ಲಿ ಕೂರುವ ತನಕ ದುಡಿದ ಅಪ್ಪ ಅಂತೂ ಆ ವರ್ಷ ಕೆಲಸ ಬಿಟ್ಟರು. ಬರುವ ವರ್ಷ ಇಬ್ಬರೂ ಕೈಲಾಸಕ್ಕೆ ಎಂದು ಮಾತಾಯಿತು. ಸ್ಟೇಷನ್ ಹತ್ತಿರದ ಅಂಗಡಿಯಿಂದ ಎರಡು ಮಂಕಿ ಕ್ಯಾಪ್, ನಾಲ್ಕು ಜೊತೆ ಉಣ್ಣೆಯ ಕಾಲುಚೀಲ ಬಂದವು. ಮುಂಬೈಯ ಸೆಕೆಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕನ್ನಡಿ ಮುಂದೆ ನಿಂತ ಅಪ್ಪನ ಫೋಟೊ ನನ್ನ ಫೋನಿನಲ್ಲಿ ಈಗಲೂ ಇದೆ. 2020ರಲ್ಲಿ ಕೋವಿಡ್ ಬಂತು, ಅದರ ಹಿಂದೆಯೇ ಗಡಿಯಲ್ಲಿ ಗಲ್ವಾನ್. ಯಾತ್ರೆ ನಿಂತಿತು, ಐದು ವರ್ಷ ನಡೆಯಲೇ ಇಲ್ಲ. ಅಪ್ಪ 2022ರಲ್ಲಿ ಹೋದರು.

ವಿದೇಶಾಂಗ ಸಚಿವಾಲಯ ನಡೆಸುವ ಈ ಯಾತ್ರೆಗೆ ವಯಸ್ಸಿನ ಮಿತಿ ಇದೆ: ಆ ವರ್ಷದ ಜನವರಿ 1ಕ್ಕೆ 18 ತುಂಬಿರಬೇಕು, 70 ಮೀರಿರಬಾರದು. ಅಮ್ಮ ಹುಟ್ಟಿದ್ದು 1955ರ ಜೂನ್‌ನಲ್ಲಿ. 2020ರಲ್ಲಿ ಕೈಯಲ್ಲಿ ಬೇಕಾದಷ್ಟು ವರ್ಷಗಳಿದ್ದವು. ಐದನ್ನು ಬಾಗಿಲು ಹಾಕಿದ ಗಡಿಯೇ ತಿಂದುಹಾಕಿತು. 2025ರಲ್ಲಿ ಯಾತ್ರೆ ಮತ್ತೆ ಶುರು ಎಂದಾಗ ಲೆಕ್ಕ ಹಾಕಿದೆ: ಈ ವರ್ಷ 69, ಬರುವ ಜನವರಿಗೆ 70. ಆಮೇಲಿನ ಜನವರಿಗೆ ಇಲ್ಲ. ಅಂದರೆ ಎರಡು ಅವಕಾಶ.

ಮೊದಲನೆಯದು ಹೋಯಿತು. ಅಮ್ಮನ ಜೊತೆ ನಾನೂ ಅರ್ಜಿ ಹಾಕಿದ್ದೆ. ಈ ಸಲ ಲಿಪುಲೇಖ್ ದಾರಿಯಲ್ಲಿ 50 ಜನರ 5 ತಂಡ, ಸಿಕ್ಕಿಂನ ನಾಥು ಲಾ ದಾರಿಯಲ್ಲಿ 50 ಜನರ 10 ತಂಡ, ಒಟ್ಟು 750 ಜನ. ಅರ್ಜಿ ಬಂದದ್ದು 5,561. ಮೇ 21ರಂದು ಕಂಪ್ಯೂಟರ್ ಆಯ್ಕೆ ಮಾಡಿತು, ನಮ್ಮ ಹೆಸರಿರಲಿಲ್ಲ. ಹೇಗೆ ಆರಿಸುತ್ತಾರೆ ಎಂದು ಅಮ್ಮನಿಗೆ ವಿವರಿಸಿದೆ. ರ‍್ಯಾಂಡಮ್, ಜೆಂಡರ್ ಬ್ಯಾಲೆನ್ಸ್ ಎಂದೆಲ್ಲ. ಅವಳು ತೆಂಗಿನಕಾಯಿ ತುರಿಯುವುದು ನಿಲ್ಲಿಸದೆ, “ದೇವ್ರನ್ ಕಾಂಬುಕೂ ಲಾಟ್ರಿ ಎತ್ತತ್ರಾ?” ಎಂದಳು.

ನಮ್ಮ ಟೀಮಿನ ಹುಡುಗಿಯೊಬ್ಬಳು ಹೋದ ವರ್ಷ ಸ್ಪೇನಿನ ಕಮಿನೋ ನಡೆದು ಬಂದಳು. ಸಂತ ಜೇಮ್ಸ್‌ನ ಸಮಾಧಿ ಇರುವ ಸಾಂತಿಯಾಗೋ ಊರಿಗೆ ಹೋಗುವ ಹಳೆಯ ಕಾಲುದಾರಿ ಅದು. ಮ್ಯಾಡ್ರಿಡ್‌ಗೆ ವಿಮಾನ, ಅಲ್ಲಿಂದ ಸಾರಿಯಾ ಎಂಬ ಊರಿಗೆ ರೈಲು, ಮರುದಿನ ಬೆಳಿಗ್ಗೆ ಬ್ಯಾಗ್ ಬೆನ್ನಿಗೆ. ಕೊನೆಯ 100 ಕಿ.ಮೀ. ನಡೆದದ್ದಕ್ಕೆ ದಾರಿಯುದ್ದ ಠಸ್ಸೆ ಹಾಕಿಸಿಕೊಂಡರೆ ಪ್ರಮಾಣಪತ್ರ ಕೊಡುತ್ತಾರೆ. 2024ರಲ್ಲಿ ಅದನ್ನು ಪಡೆದವರು ಸುಮಾರು 5 ಲಕ್ಷ ಜನ. ವೀಸಾ ಆದ ಮೇಲೆ ಅವಳು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಇಲ್ಲಿ ನಮ್ಮ ಪಾರ್ಲೆಯ ಕೆಳಮನೆಯ ಆಜಿಯಂತೂ ಪ್ರತಿ ಆಷಾಢಕ್ಕೆ ಆಳಂದಿಗೆ ಹೋಗಿ ವಾರಿಯ ಜೊತೆ ಸೇರಿಕೊಂಡು ಪಂಢರಪುರಕ್ಕೆ ನಡೆದುಬಿಡುತ್ತಾರೆ. ಅವರ ಎಕ್ಸೆಲ್ ಶೀಟ್ ಎಂದರೆ ಒಂದು ಚೀಲ, ಒಂದು ಚಪ್ಪಲಿ ಜೊತೆ. ಕೈಲಾಸದ ಪರಿಕ್ರಮ ದೂರದಲ್ಲಿ ಇವೆರಡಕ್ಕಿಂತ ಚಿಕ್ಕದು, 52 ಕಿ.ಮೀ., ಮೂರು ದಿನ. ಆದರೆ ನಡುವೆ ಡೋಲ್ಮಾ ಲಾ ಎಂಬ ಕಣಿವೆ ಇದೆ, 5,600 ಮೀಟರಿಗೂ ಎತ್ತರ. ನಾವಿರುವುದು ಸಮುದ್ರದಿಂದ ಎರಡು ಕಿ.ಮೀ. ದೂರದಲ್ಲಿ.

ಈಗ ಶೀಟಿಗೆ ಬರೋಣ. ನಿಮ್ಮಲ್ಲಿ ಯಾರಾದರೂ ಅಪ್ಪ ಅಮ್ಮನನ್ನು ಕಳಿಸುವ ಯೋಚನೆಯಲ್ಲಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲನೇ ಹಾಳೆ ಸರ್ಕಾರಿ ಯಾತ್ರೆಯದು. ಅದರಲ್ಲಿ ನಾವು ಮಾಡಬೇಕಾದ್ದು ದೆಹಲಿ ತಲುಪುವುದು ಮಾತ್ರ. ಮುಂದಿನದನ್ನು ಕುಮಾವೂನ್ ಮಂಡಲದ ನಿಗಮವೋ ಸಿಕ್ಕಿಂ ಪ್ರವಾಸೋದ್ಯಮ ನಿಗಮವೋ ನೋಡಿಕೊಳ್ಳುತ್ತದೆ. 2025ರಲ್ಲಿ ಲಿಪುಲೇಖ್ ದಾರಿಯಲ್ಲಿ 22 ದಿನ, ಸುಮಾರು 1.74 ಲಕ್ಷ, ನಾಥು ಲಾದಲ್ಲಿ 21 ದಿನ, ಸುಮಾರು 2.83 ಲಕ್ಷ ಇತ್ತು. ಸುಲಭ ಅನ್ನಿಸುತ್ತದೆ. ತೊಡಕಿರುವುದು ವಾಪಸ್ ಟಿಕೆಟಿನಲ್ಲಿ. ದೆಹಲಿಯಲ್ಲಿ ಮೊದಲ ಮೂರ್ನಾಲ್ಕು ದಿನ ವೈದ್ಯಕೀಯ ಪರೀಕ್ಷೆ. ಫೇಲಾದರೆ ಅಲ್ಲಿಂದಲೇ ಮನೆಗೆ. ಹಾಗಾಗಿ ಎರಡು ವಾಪಸ್ ಟಿಕೆಟ್ ಬೇಕು, ಒಂದು ನಾಲ್ಕನೇ ದಿನಕ್ಕೆ, ಇನ್ನೊಂದು ಯಾತ್ರೆ ಮುಗಿಯುವ ದಿನಕ್ಕೆ. ಅಗ್ಗದ ವಿಮಾನದ ಟಿಕೆಟ್ ರದ್ದು ಮಾಡಿದರೆ ಬಹುತೇಕ ಎಲ್ಲ ಹೋಯಿತು. ರೈಲಿನದಾದರೆ ಮೊದಲೇ ರದ್ದು ಮಾಡಿದಲ್ಲಿ ಹೆಚ್ಚಿನ ಪಾಲು ಕೈಗೆ ಬರುತ್ತದೆ. ಆದ್ದರಿಂದ ನಾಲ್ಕನೇ ದಿನದ್ದು ರೈಲು, ಕೊನೆಯದ್ದು ವಿಮಾನ ಎಂದು ಬರೆದುಕೊಂಡೆ. ಹೋಗುವಾಗ ರಾಜಧಾನಿ, ನಮಗೆ ಬೊರಿವಿಲಿಯಲ್ಲಿ ಹತ್ತುವುದು ಅನುಕೂಲ. ಆದರೆ ಕಳೆದ ನವೆಂಬರಿನಿಂದ ರೈಲು ಬುಕಿಂಗ್ 120 ದಿನದ ಬದಲು 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಮೇ ಕೊನೆಗೆ ಹೆಸರು ಬಂದು ಜೂನ್‌ನ ತಂಡ ಸಿಕ್ಕರೆ ರಜೆಯ ಜನಜಂಗುಳಿಯಲ್ಲಿ ವೇಟಿಂಗ್ ಲಿಸ್ಟೇ ಗತಿ. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಮತ್ತೊಂದು ನಮ್ಮಂಥವರ ವಿಶೇಷ ಸಂಕಟ: ಕರ್ನಾಟಕ ಸರ್ಕಾರ ಮಾನಸ ಸರೋವರಕ್ಕೆ ಹೋಗಿಬಂದ ರಾಜ್ಯದವರಿಗೆ ಸಹಾಯಧನ ಕೊಡುತ್ತದೆ. ನಮ್ಮ ಆಧಾರ್ ಕಾರ್ಡಿನಲ್ಲಿರುವುದು ವಿಲೆ ಪಾರ್ಲೆ. ಮನೆಯಲ್ಲಿ ಕುಂದಾಪುರ ಕನ್ನಡ ಮಾತಾಡುತ್ತೇವೆ ಎಂಬುದಕ್ಕೆ ಯಾವ ಕಾಲಮ್ಮೂ ಇಲ್ಲ.

ಎರಡನೇ ಹಾಳೆ ನೇಪಾಳದ್ದು, ಖಾಸಗಿ ಟೂರಿನವರ ದಾರಿ. ಇಲ್ಲಿ ನನಗೆ ಇಷ್ಟವಾದದ್ದು ರೈಲಿನ ಲೆಕ್ಕಾಚಾರ. ಸಿಎಸ್‌ಎಂಟಿಯಿಂದ ಪುಷ್ಪಕ್ ಎಕ್ಸ್‌ಪ್ರೆಸ್‌ನಲ್ಲಿ ಲಕ್ನೋ; ಅಲ್ಲಿಂದ ಬಹರಾಯಿಚ್ ದಾಟಿ ರುಪಾಯಿಡಿಹಾ ಗಡಿ; ಆಚೆ ನೇಪಾಲ್‌ಗಂಜ್. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಸಿಮಿಕೋಟ್, ಹೆಲಿಕಾಪ್ಟರ್‌ನಲ್ಲಿ ಹಿಲ್ಸಾ, ಸೇತುವೆ ದಾಟಿದರೆ ಟಿಬೆಟ್. ನಕ್ಷೆಯಲ್ಲಿ ಎಷ್ಟು ಚೆಂದ! ಆದರೆ ಸಿಮಿಕೋಟ್‌ನಲ್ಲಿ ಮೋಡ ಕವಿದರೆ ವಿಮಾನವಿಲ್ಲ. 2018ರ ಜುಲೈ ಮೊದಲ ವಾರ ನಿಮಗೆ ನೆನಪಿರಬಹುದು. ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಬದಿಯಲ್ಲಿ 1,500ಕ್ಕೂ ಹೆಚ್ಚು ಭಾರತೀಯ ಯಾತ್ರಿಕರು ಸಿಕ್ಕಿಬಿದ್ದಿದ್ದರು, ಅವರಲ್ಲಿ ಇನ್ನೂರಕ್ಕೂ ಮಿಕ್ಕಿ ಕರ್ನಾಟಕದವರು. ಕನ್ನಡ ಚಾನೆಲ್‌ಗಳಲ್ಲಿ ದಿನವಿಡೀ ಅದೇ ಸುದ್ದಿ. ಕಾಠ್ಮಂಡುವಿನಿಂದ ರಸ್ತೆಯಲ್ಲಿ ಕೆರುಂಗ್ ಮೂಲಕ ಹೋಗುವ ಇನ್ನೊಂದು ದಾರಿ ಇದೆ. ಈ ಜುಲೈ 8ರಂದು ರಸುವಾಗಢಿಯ ಗಡಿ ಸೇತುವೆಯನ್ನೇ ಪ್ರವಾಹ ಕೊಚ್ಚಿಕೊಂಡು ಹೋಯಿತು. ಆ ದಿನ ಶೀಟಿನ ಏಳೆಂಟು ಸಾಲುಗಳಿಗೆ ಕೆಂಪು ಬಣ್ಣ ಬಳಿದೆ.

ನೇಪಾಳದ ಹಾಳೆಯಲ್ಲಿ ಹೋಗುವಾಗ ಎರಡು, ಬರುವಾಗ ಮೂರು ದಿನ ಬಫರ್ ಇಟ್ಟಿದ್ದೇನೆ. ಆಫೀಸಿನಲ್ಲಿ ನಾನು ಹಾಕುವ ಬಫರ್ ಅನ್ನೆಲ್ಲ ಮ್ಯಾನೇಜರ್ ಕತ್ತರಿಸುತ್ತಾರೆ. ಇಲ್ಲಿ ಕತ್ತರಿಸಲು ಯಾರೂ ಇಲ್ಲ, ರಜೆ ಮಾತ್ರ ಸಾಲುವುದಿಲ್ಲ.

ಇಷ್ಟು ದಿನ ಅಮ್ಮ ಇದ್ಯಾವುದನ್ನೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಹೋದ ಭಾನುವಾರ ಜುಹು ಚೌಪಾಟಿಯಲ್ಲಿ ನಡೆಯುತ್ತಿದ್ದಾಗ ತಾನಾಗಿಯೇ ಮಾಲ್ಪಾದ ಮಾತು ತೆಗೆದಳು. 1998ರ ಆಗಸ್ಟ್ 18ರ ಮುಂಜಾವ ಲಿಪುಲೇಖ್ ದಾರಿಯ ಮಾಲ್ಪಾ ಎಂಬ ಹಳ್ಳಿಯ ಮೇಲೆ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸುಮಾರು 60 ಮಂದಿ ಯಾತ್ರಿಕರು. ನೃತ್ಯಗಾತಿ ಪ್ರೊತಿಮಾ ಬೇಡಿ ಅವರಲ್ಲೊಬ್ಬರು. ಜುಹುವಿನಲ್ಲಿ ಬಾಳಿದವರು, ಆಮೇಲೆ ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದವರು. ಅಂದರೆ ಹೇಗೆ ನೋಡಿದರೂ ನಮ್ಮ ನೆರೆಯವರು. ನನಗಾಗ ಹನ್ನೊಂದು ವರ್ಷ. ಅಪ್ಪ ಹೋಟೆಲಿನಿಂದ ಪೇಪರ್ ತಂದು ಅಮ್ಮನಿಗೆ ಓದಿ ಹೇಳಿದ್ದರಂತೆ. “ಆಗಳಿಕೇ ನಂಗೆ ಆ ಜಾಗು ಕಾಣ್ಕ್ ಅನ್ಸಿದ್” ಎಂದಳು. ಅಷ್ಟು ಜನ ಸತ್ತ ಸುದ್ದಿ ಕೇಳಿ ಹೋಗಬೇಕು ಅನ್ನಿಸುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಈಗ ಆ ದಾರಿಯ ಬಹುಪಾಲು ಜೀಪು ಹೋಗುತ್ತದೆ, ನಡಿಗೆ ತುಂಬ ಕಡಿಮೆ ಎಂದು ಮಾತ್ರ ಹೇಳಿದೆ. ಅವಳಿಗೆ ಬೇಸರವಾದಂತೆ ಕಂಡಿತು.

ಅಂದಹಾಗೆ ಒಂದು ಮರ್ಯಾದೆ ಪ್ರಶ್ನೆ. ಸರ್ಕಾರಿ ಯಾತ್ರೆಗೆ ಬಿಎಂಐ 25ರ ಒಳಗಿರಬೇಕು. ಅಮ್ಮನದು 22. ನನ್ನದು ಮೇ ತಿಂಗಳಲ್ಲಿ 27.8. ಹೆಸರು ಬಂದಿದ್ದರೆ ದೆಹಲಿಯಲ್ಲಿ ಎಪ್ಪತ್ತರ ಅಂಚಿನ ತಾಯಿ ಪಾಸ್, ಮೂವತ್ತೆಂಟರ ಮಗ ಫೇಲ್! ನಾಲ್ಕನೇ ದಿನದ ರೈಲು ಟಿಕೆಟ್ ನನಗೇ ಬೇಕಾಗುತ್ತಿತ್ತು. ಎತ್ತರಕ್ಕೆ ಹೋದಾಗ ನಿನಗೆ ಏನಾದರೂ ಆದರೆ ಎಂದು ನಾನು ಆತಂಕಪಟ್ಟಾಗಲೆಲ್ಲ ಅವಳದು ಒಂದೇ ಉತ್ತರ: “ನಂಗ್ ಎಂತ ಆತಿಲ್ಲೆ ಮಾಣಿ. ನೀನ್ ನಿನ್ನ್ ಹೊಟ್ಟಿ ಕಾಣ್.”

ನನ್ನ ಆತಂಕ ಮಾತ್ರ ಡೋಲ್ಮಾ ಲಾದ ಸಾಲಿನಲ್ಲೇ ಇದೆ. ಪರಿಕ್ರಮದ ಮೊದಲ ದಿನ ಯಮದ್ವಾರದಿಂದ ಡೇರಾಪುಕ್‌ಗೆ. ಅಲ್ಲಿ ಕೈಲಾಸದ ಉತ್ತರ ಮುಖ ಎದುರಿಗೇ ನಿಲ್ಲುತ್ತದೆ. ಅದನ್ನು ನೋಡಿ ಅಲ್ಲಿಂದಲೇ ಹಿಂದಿರುಗುವ ಹಿರಿಯರು ಬಹಳ. ನಾನು ಅದನ್ನೇ ಮುಖ್ಯ ಯೋಜನೆಯಾಗಿ ಬರೆದು, ಡೋಲ್ಮಾ ಲಾವನ್ನು ಅದರ ಕೆಳಗೆ ‘ಆದರೆ ನೋಡೋಣ’ ಎಂದು ಹಾಕಿದ್ದೆ. ನಿನ್ನೆ ರಾತ್ರಿ ಮೊದಲ ಬಾರಿಗೆ ಅವಳ ಪಕ್ಕ ಕೂತು ಇಡೀ ಶೀಟ್ ಓದಿ ಹೇಳಿದೆ. ರೈಲು, ಬಫರ್, ಎರಡು ವಾಪಸ್ ಟಿಕೆಟ್ ಎಲ್ಲದಕ್ಕೂ ಹೂಂ ಎಂದಳು. ಡೇರಾಪುಕ್ ಬಂದಾಗ ಕನ್ನಡಕ ಏರಿಸಿ ಸ್ಕ್ರೀನಿಗೆ ಬೆರಳಿಟ್ಟಳು.

“ಇದ್ ಎಂತ?”

“ಇಲ್ಲಿಂದ ವಾಪಸ್ ಬರುವುದು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೇಲೆ ವಿಮಾನವೊಂದು ಹೋಯಿತು. ಪಾರ್ಲೆಯವರೆಲ್ಲ ಮಾಡುವಂತೆ ಅದು ದಾಟುವ ತನಕ ನಾವಿಬ್ಬರೂ ಮಾತು ನಿಲ್ಲಿಸಿದೆವು.

“ಆ ಸಾಲ್ ಇರ್ಲಿ. ಆರೆ ಅದನ್ನ್ ಕೆಳ್ಗೆ ಹಾಕ್.”

ಎರಡು ಸಾಲುಗಳನ್ನು ಅದಲು ಬದಲು ಮಾಡಿ ‘ಫೈನಲ್_8’ ಎಂದು ಸೇವ್ ಮಾಡಿದೆ. 2026ರ ಅರ್ಜಿ ತೆರೆದ ದಿನವೇ ಹಾಕುವುದು, ಹೆಸರು ಬರದಿದ್ದರೆ ನೇಪಾಳ. ಅಮ್ಮ ಈಗ ಬೆಳಿಗ್ಗೆ ಲಿಫ್ಟ್ ಬಿಟ್ಟು ಆರು ಮಹಡಿ ಹತ್ತಿ ಇಳಿಯುತ್ತಾಳೆ, ಮೂರು ಸಲ. ಎರಡನೇ ಸಲಕ್ಕೆ ನಾನು ನಾಲ್ಕನೇ ಮಹಡಿಯಲ್ಲಿ ನಿಂತು, ಫೋನ್ ಬಂದವನಂತೆ ನಟಿಸುತ್ತೇನೆ. ಬಿಎಂಐ 26.9ಕ್ಕೆ ಬಂದಿದೆ.