ವಾಹನ ಹೋಯಿತು, ಸಾಲ ಉಳಿಯಿತು

ಕೆಲವು ಕಂತು ತಪ್ಪಿದ ಕಾರಣಕ್ಕೆ ನಡುರಸ್ತೆಯಲ್ಲಿ ಆಟೋ ತಡೆದು, ಪ್ರಯಾಣಿಕರನ್ನು ಕೆಳಗಿಳಿಸಿ, ಕೀಲಿ ಕಸಿದುಕೊಂಡು ಹೋಗುವ ದೃಶ್ಯ ನಮ್ಮ ನಗರಗಳಿಗೆ ಹೊಸತಲ್ಲ. ಸಾಲ ವಸೂಲಿಗೆ ಗೂಂಡಾಗಳನ್ನು ಬಳಸುವಂತಿಲ್ಲವೆಂದು ಸುಪ್ರೀಮ್ ಕೋರ್ಟು 2007ರಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ಪ್ರಕಾಶ್ ಕೌರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಜಪ್ತಿಗೆ ಮುನ್ನ ನೋಟಿಸಿನ ಅವಧಿ ಎಷ್ಟು, ಹರಾಜಿಗೆ ಮುನ್ನ ಬಾಕಿ ಕಟ್ಟಲು ಕೊನೆಯ ಅವಕಾಶ ಹೇಗೆ ಎಂಬುದು ಸಾಲದ ಕರಾರಿನಲ್ಲೇ ಇರಬೇಕೆಂಬುದು ಹಣಕಾಸು ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ ವಿಧಿಸಿದ ನಿಯಮ. ಆದರೆ ಆ ಕರಾರನ್ನು ಓದಿ ಸಹಿ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ? ಸಾವಿರಾರು ಕೋಟಿಯ ಸಾಲ ತೀರಿಸದೆ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ವಿಮಾನವೇರಿ ದೇಶ ಬಿಟ್ಟರು. ಆಟೋ ಚಾಲಕನಿಗೆ ಮಾತ್ರ ಮುಂದಿನ ಸಿಗ್ನಲ್ ದಾಟಲೂ ಬಿಡುವುದಿಲ್ಲ.

ನಾವಿಲ್ಲಿ ಹೇಳಹೊರಟಿರುವುದು ಅನಂತರದ ಕತೆಯನ್ನು. ವಾಹನ ಹೋದರೆ ಸಾಲವೂ ಹೋಯಿತೆಂದು ನಂಬಿ ಮನೆಗೆ ಮರಳುವವರೇ ಹೆಚ್ಚು. ಎರಡು ಲಕ್ಷ ಬಾಕಿಯಿರುವ ವಾಹನ ಹರಾಜಿನಲ್ಲಿ 1.20 ಲಕ್ಷಕ್ಕೆ ಮಾರಾಟವಾಯಿತೆಂದು ಭಾವಿಸೋಣ. ಉಳಿದ 80 ಸಾವಿರ ರೂಪಾಯಿ, ಅದರ ಮೇಲಿನ ಬಡ್ಡಿ, ಜಪ್ತಿಯ ಖರ್ಚು ಎಲ್ಲವೂ ಸಾಲಗಾರನ ಹೆಸರಿನಲ್ಲೇ ನಿಲ್ಲುತ್ತದೆ. ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳು ಈ ಲೆಕ್ಕವನ್ನಿಡುತ್ತವೆ. 300ರಿಂದ 900ರವರೆಗಿನ ಅಂಕದಲ್ಲಿ ಆತ ಕೆಳಗಿಳಿದಿರುತ್ತಾನೆ. ವರ್ಷಗಳ ಬಳಿಕ ಮನೆಗೋ ಮಗಳ ಶಿಕ್ಷಣಕ್ಕೋ ಅರ್ಜಿ ಹಾಕಿದಾಗಲಷ್ಟೇ ಅದು ಆತನಿಗೆ ತಿಳಿಯುತ್ತದೆ.

ಹಾಗಾದರೆ ದಾರಿಯೇನು? ಮೊದಲು ವಾಹನ ಎಷ್ಟಕ್ಕೆ ಮಾರಾಟವಾಯಿತು, ಯಾವ ಖರ್ಚು ಸೇರಿಸಲಾಗಿದೆ ಎಂಬ ಲೆಕ್ಕಪಟ್ಟಿಯನ್ನು ಲಿಖಿತವಾಗಿ ಕೇಳಬೇಕು. ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತರಿಸಿ ಲೆಕ್ಕಪಟ್ಟಿಯೊಂದಿಗೆ ಹೋಲಿಸಬೇಕು. ಜನರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 80 ಸಾವಿರಕ್ಕೆ 30 ಸಾವಿರ ಕೊಟ್ಟು ಮುಗಿಸಿ ಎಂದು ವಸೂಲಿಯವರು ಹೇಳಿದಾಗ ಅದು ಔದಾರ್ಯವೆನಿಸುತ್ತದೆ. ಆದರೆ ವರದಿಯಲ್ಲಿ ಆ ಖಾತೆ ‘ಸೆಟಲ್ಡ್’ ಎಂದು ದಾಖಲಾಗುತ್ತದೆ, ‘ಕ್ಲೋಸ್ಡ್’ ಎಂದಲ್ಲ. ಈತ ಪೂರ್ತಿ ತೀರಿಸಲಿಲ್ಲವೆಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಸಾಧ್ಯವಿದ್ದರೆ, ತಡವಾದರೂ ಸರಿ, ಪೂರ್ತಿ ಕಟ್ಟಿ ಬಾಕಿಯಿಲ್ಲದ ಪತ್ರ ಪಡೆಯುವುದೇ ಮೇಲು. ಕೊಡುವುದು ರಸೀದಿಗೇ ಹೊರತು ಏಜೆಂಟನ ಕೈಗಲ್ಲ.

ಹಣ ಕಟ್ಟಿದ ಮೇಲೂ ವರದಿ ಬದಲಾಗದಿದ್ದರೆ ಅದೇ ಸಂಸ್ಥೆಗೆ ಮತ್ತು ಸಾಲ ಕೊಟ್ಟವರಿಗೆ ದೂರು ಸಲ್ಲಿಸಬಹುದು. 30 ದಿನಗಳೊಳಗೆ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಅದಕ್ಕೂ ಮಣಿಯದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ. ಅಂಕ ಏರಿಸಿ ಕೊಡುತ್ತೇವೆಂದು ಹಣ ಕೇಳುವ ಮಧ್ಯವರ್ತಿಗಳನ್ನು ಮನೆಯ ಮೆಟ್ಟಿಲೂ ಹತ್ತಿಸಬಾರದು. ಸತ್ಯವಾದ ದಾಖಲೆಯನ್ನು ಯಾರೂ ಅಳಿಸಲಾರರು.

ಠೇವಣಿಯ ಆಧಾರದಲ್ಲಿ ಕಾರ್ಡು ಪಡೆದು ಗಡುವಿನೊಳಗೆ ಪೂರ್ತಿ ಕಟ್ಟುತ್ತಾ ಬಂದರೆ ಅಂಕ ನಿಧಾನವಾಗಿ ಏರುತ್ತದೆ ಎಂಬುದು ಬ್ಯಾಂಕಿನವರ ಸಲಹೆ. ಬಡ್ಡಿಯ ನೆರಳಿನಿಂದಲೂ ದೂರವಿರಬಯಸುವವರಿಗೆ ಇದು ಒಪ್ಪಿಗೆಯಾಗಲಾರದು. ಅವರು ಹಳೆಯ ಬಾಕಿ ತೀರಿಸಿ ಕಾಯಬೇಕಾಗುತ್ತದೆ. ಸಿಬಿಲ್ ವರದಿ ತಿಂಗಳುವಾರು ತೋರಿಸುವುದು 36 ತಿಂಗಳ ಪಾವತಿಯನ್ನು. ಹಳೆಯ ಕಂತುಗಳ ಭಾರ ಕ್ರಮೇಣ ಇಳಿಯುತ್ತದೆ.

ನಮ್ಮ ಜಮಾಅತ್‌ಗಳಿಗೆ ಒಂದು ಮಾತು. ಬೈತುಲ್ ಮಾಲ್‌ನ ಹಣ ಮದುವೆಗೂ ಚಿಕಿತ್ಸೆಗೂ ಹೋಗುತ್ತಿರುವುದು ಸಂತೋಷವೇ. ಆದರೆ ವಾಹನ ಜಪ್ತಿಯಾಗುವ ಮುನ್ನ ಎರಡು ಕಂತಿನ ಬಡ್ಡಿರಹಿತ ನೆರವು ದೊರೆತರೆ ಒಂದು ಕುಟುಂಬದ ದುಡಿಮೆಯೇ ಉಳಿಯುತ್ತದೆ. ಶುಕ್ರವಾರದ ನಮಾಝಿನ ಬಳಿಕ ಒಂದು ಮೇಜು ಹಾಕಿ, ಈ ವರದಿಗಳನ್ನು ಓದಿ ಹೇಳಲು, ದೂರು ಬರೆದುಕೊಡಲು ನಾಲ್ಕು ಮಂದಿ ಬಿ.ಕಾಂ. ಹುಡುಗರನ್ನು ಕೂರಿಸುವುದಕ್ಕೆ ಹಣವೂ ಬೇಕಿಲ್ಲ.